ಟ್ರೋಲ್ ಬರೆಯುವ ಮೊದಲು ಕಾಡು ಬರೆಯಿರಿ

ಪ್ರಶ್ನೆ: ನಾನು ಹೊಸನಗರ ತಾಲ್ಲೂಕಿನವಳು. ಏಳು ವರ್ಷಗಳಿಂದ ಮಕ್ಕಳ ಪುಸ್ತಕಗಳಿಗೆ ಚಿತ್ರ ಬಿಡಿಸುತ್ತಿದ್ದೇನೆ. ಈಗ ಕನ್ನಡದ ಪ್ರಕಾಶಕರೊಬ್ಬರು ಎಂಟು ಕಥೆಗಳ ಸಂಕಲನ ಕೊಟ್ಟಿದ್ದಾರೆ. ಐದು ನಾರ್ವೆಯ ಜನಪದ ಕಥೆಗಳು, ಮೂರು ಉತ್ತರ ಯುರೋಪಿನ ಹಳೆಯ ದೇವರುಗಳಾದ ಓಡಿನ್, ಥಾರ್, ಲೋಕಿಯರ ಪುರಾಣ ಕಥೆಗಳು. ಪುಸ್ತಕ ಇಲ್ಲಿ ಮಾರಾಟವಾಗುವುದಲ್ಲದೆ ಸ್ವೀಡನ್, ನಾರ್ವೆಗಳಲ್ಲಿರುವ ಕನ್ನಡ ಕುಟುಂಬಗಳಿಗೂ ಹೋಗುತ್ತದಂತೆ. ನಾನು ಕಳುಹಿಸಿದ ಎರಡು ಮಾದರಿ ಚಿತ್ರಗಳೂ ಹಿಂದಕ್ಕೆ ಬಂದವು. ಥಾರ್ ‘ಸಿನಿಮಾದವನಂತೆ ಇದ್ದಾನೆ’, ಅಲ್ಲಿನ ಕಾಡುರಾಕ್ಷಸನಾದ ಟ್ರೋಲ್ ‘ಯಕ್ಷಗಾನದ ಬಣ್ಣದ ವೇಷದಂತೆ ಇದೆ’ ಎಂದರು. ಕಿಟೆಲ್ಸನ್, ಬೌಯರ್ ಎಂಬ ಹಳೆಯ ಚಿತ್ರಕಾರರ ಕೆಲವು ಚಿತ್ರಗಳನ್ನು ಕಳುಹಿಸಿ ‘ಹೀಗೆ ಮಾಡಿ’ ಎಂದಿದ್ದಾರೆ. ಅವನ್ನು ನೋಡಿ ಬರೆದರೆ ಕದ್ದಂತಾಗುವುದಿಲ್ಲವೇ? ನೂರು ವರ್ಷ ಕಳೆದದ್ದೆಲ್ಲ ಉಚಿತ ಎನ್ನುತ್ತಾರೆ ಒಬ್ಬರು, ಕೇಸು ಬೀಳುತ್ತದೆ ಎನ್ನುತ್ತಾರೆ ಇನ್ನೊಬ್ಬರು. ಕೊಂಬಿನ ಶಿರಸ್ತ್ರಾಣ, ಅಲ್ಲಿನ ಹಳೆಯ ಲಿಪಿಯಾದ ರೂನ್ ಅಕ್ಷರಗಳನ್ನು ಹಾಕಬಹುದೇ? ಹಳೆಯ ಚಿತ್ರವೊಂದರಲ್ಲಿ ಥಾರ್‌ನ ಸೊಂಟಪಟ್ಟಿಯ ಮೇಲೆ ಸ್ವಸ್ತಿಕ ಇದೆ, ಅದನ್ನು ಉಳಿಸಿಕೊಳ್ಳಲೇ? ನಾನು ಹಿಮವನ್ನೇ ನೋಡಿದವಳಲ್ಲ. ಈ ಕೆಲಸ ಒಪ್ಪಿಕೊಂಡದ್ದೇ ತಪ್ಪಾಯಿತೇ?

ಉತ್ತರ: ಒಪ್ಪಿಕೊಂಡದ್ದು ತಪ್ಪಲ್ಲ. ಮಾದರಿಗಳು ಹಿಂದಕ್ಕೆ ಬಂದದ್ದೂ ದೊಡ್ಡ ಸಂಗತಿಯಲ್ಲ. ಈ ವೃತ್ತಿಯಲ್ಲಿ ಮೂವತ್ತು ವರ್ಷ ಕಳೆದ ಮೇಲೂ ನನ್ನ ಕರಡುಗಳು ಹಿಂದಕ್ಕೆ ಬರುತ್ತವೆ. ನಿಮ್ಮ ಪತ್ರವನ್ನು ಎರಡು ಸಲ ಓದಿದಾಗ ನನಗನ್ನಿಸಿದ್ದು ಇಷ್ಟು: ನೀವು ಕೇಳುತ್ತಿರುವುದು ಕೇಸಿನ ಬಗ್ಗೆ, ನಿಮ್ಮನ್ನು ಕಾಡುತ್ತಿರುವುದು ಮಾತ್ರ ಕಾಣದ ನಾಡನ್ನು ಬರೆಯುವ ಅಧಿಕಾರ ನನಗಿದೆಯೇ ಎಂಬ ಅಳುಕು. ಹಕ್ಕುಸ್ವಾಮ್ಯದ ಪ್ರಶ್ನೆಗೆ ಇಸವಿಗಳನ್ನು ಕೂಡಿ ಕಳೆದರೆ ಉತ್ತರ ಸಿಗುತ್ತದೆ, ಅದಕ್ಕೆ ಆಮೇಲೆ ಬರುತ್ತೇನೆ. ಅಳುಕಿನ ಪ್ರಶ್ನೆಗೆ ಸ್ವಲ್ಪ ಕಾಡು ಸುತ್ತಬೇಕು.

ಮೊದಲು ಒಂದು ಗಂಟು ಬಿಡಿಸಿಕೊಳ್ಳಿ. ನಿಮ್ಮ ಎಂಟು ಕಥೆಗಳು ಒಂದೇ ಕಾಲದವಲ್ಲ. ಓಡಿನ್, ಥಾರ್, ಲೋಕಿಯರ ಕಥೆಗಳು ನಮಗೆ ಸಿಕ್ಕಿರುವುದು ಮುಖ್ಯವಾಗಿ ಐಸ್‌ಲ್ಯಾಂಡಿನ ಹದಿಮೂರನೆಯ ಶತಮಾನದ ಬರಹಗಳಿಂದ. 1220ರ ಸುಮಾರಿಗೆ ಸ್ನೊರಿ ಸ್ಟರ್ಲುಸನ್ ಬರೆದ ಗದ್ಯ ಎಡ್ಡಾ ಒಂದು, 1270ರ ಸುಮಾರಿನ ಪುಟ್ಟ ಹಸ್ತಪ್ರತಿಯಲ್ಲಿ ಉಳಿದುಬಂದ ಎಡ್ಡಾ ಪದ್ಯಗಳು ಇನ್ನೊಂದು. ಅವು ನೆನೆಯುವ ಲೋಕ ಅದಕ್ಕೂ ಹಿಂದಿನ ವೈಕಿಂಗ್ ಕಾಲದ್ದು, ಅಂದರೆ ಉತ್ತರದ ಕಡಲಯಾನಿ ಯೋಧರ ಕಾಲದ್ದು. ಟ್ರೋಲ್‌ಗಳ ಕಥೆಗಳನ್ನಾದರೋ ಆಸ್ಬ್ಯೋರ್ನ್‌ಸನ್ ಮತ್ತು ಮೂ ಎಂಬ ಇಬ್ಬರು ಗೆಳೆಯರು ನಾರ್ವೆಯ ಹಳ್ಳಿಗರ ಬಾಯಿಂದ ಕೇಳಿ ಬರೆದುಕೊಂಡು 1841ರಿಂದ ಪ್ರಕಟಿಸತೊಡಗಿದರು. ಆ ಕಥೆಗಳಲ್ಲಿ ಚರ್ಚು ಇದೆ, ಪಾದ್ರಿ ಇದ್ದಾನೆ. ನಮ್ಮ ರಾಕ್ಷಸ ಮನೆಗೆ ಬಂದ ಕೂಡಲೇ ‘ನರಮನುಷ್ಯರ ವಾಸನೆ’ ಎನ್ನುವಂತೆ ಅಲ್ಲಿನ ಟ್ರೋಲ್ ಮೂಗರಳಿಸಿ ‘ಕ್ರೈಸ್ತರ ರಕ್ತದ ವಾಸನೆ’ ಎನ್ನುತ್ತದೆ. ಹಾಗಾಗಿ ನಿಮ್ಮ ಐದು ಕಥೆಗಳಲ್ಲಿ ಯಾರ ಕೈಯಲ್ಲೂ ವೈಕಿಂಗ್ ಗುರಾಣಿ ಇರಕೂಡದು. ಮೊಣಕಾಲಿನವರೆಗಿನ ಚಡ್ಡಿ, ಉಣ್ಣೆಯ ಕಾಲುಚೀಲ, ಮರದ ದಿಮ್ಮಿಗಳ ಮನೆ, ಮಾಡಿನ ಮೇಲೆ ಬೆಳೆದ ಹುಲ್ಲು, ಇಲಿ ಹತ್ತದಂತೆ ಕಂಬಗಳ ಮೇಲೆ ನಿಲ್ಲಿಸಿದ ಕಣಜ, ಇಷ್ಟು ಸಾಕು.

ಆ ಕಥೆಗಳ ರಾಜರನ್ನು ಕಿಟೆಲ್ಸನ್ ಮತ್ತು ಅವರ ಗೆಳೆಯ ಎರಿಕ್ ವೆರೆನ್‌ಸ್ಕಿಯೋಲ್ಡ್ ಹೇಗೆ ಬರೆದರು ನೋಡಿ. ತಲೆಯ ಮೇಲೆ ಕಿರೀಟ, ಬಾಯಲ್ಲಿ ಉದ್ದನೆಯ ಹೊಗೆಕೊಳವೆ, ಕಾಲಲ್ಲಿ ಮನೆಯ ಚಪ್ಪಲಿ. ತನ್ನ ತೋಟದ ಮನೆಯ ಮೆಟ್ಟಿಲ ಮೇಲೆ ನಿಂತು ಬಂದವರನ್ನು ವಿಚಾರಿಸುವ ಸಿರಿವಂತ ರೈತ ಆತ. ಕಥೆ ಹೇಳಿದ ಹಳ್ಳಿಗರು ಅರಮನೆ ನೋಡಿದವರಲ್ಲ. ಅವರು ಕಂಡ ದೊಡ್ಡ ಮನೆ ಎಂದರೆ ಊರ ಗೌಡರದು, ಹಾಗಾಗಿ ರಾಜನೂ ಹಾಗೆಯೇ ಇದ್ದ. ನಮ್ಮ ಅಜ್ಜಿಯರ ಕಥೆಯ ರಾಜನೂ ಬೆಳಿಗ್ಗೆ ಎದ್ದು ಗದ್ದೆ ನೋಡಲು ಹೋಗುತ್ತಿದ್ದನಲ್ಲವೇ? ಇದನ್ನು ನೀವು ನಾರ್ವೆಗೆ ಹೋಗಿ ಕಲಿಯಬೇಕಾಗಿಲ್ಲ.

ಇನ್ನು ಥಾರ್. ಕೊಂಬಿನ ಶಿರಸ್ತ್ರಾಣ ಸುಳ್ಳು, ಬಿಟ್ಟುಬಿಡಿ. ಸಾಕಷ್ಟು ಪೂರ್ಣವಾಗಿ ಸಿಕ್ಕಿರುವ ವೈಕಿಂಗ್ ಶಿರಸ್ತ್ರಾಣವೆಂದರೆ 1943ರಲ್ಲಿ ನಾರ್ವೆಯ ಯೆರ್ಮುಂಡ್‌ಬು ಎಂಬ ಜಮೀನಿನಲ್ಲಿ ದೊರೆತದ್ದು, ಹತ್ತನೆಯ ಶತಮಾನದ್ದು. ಗುಂಡು ಟೊಪ್ಪಿ, ಕಣ್ಣಿನ ಸುತ್ತ ಕನ್ನಡಕದಂಥ ಕಬ್ಬಿಣದ ಪಟ್ಟಿ. ಕೊಂಬಿನ ಸುಳಿವೂ ಇಲ್ಲ. ಡೆನ್ಮಾರ್ಕಿನ ವೆಕ್ಸೋದಲ್ಲಿ 1942ರಲ್ಲಿ ಕೊಂಬಿನ ಎರಡು ಶಿರಸ್ತ್ರಾಣಗಳು ಸಿಕ್ಕಿದ್ದು ನಿಜ, ಆದರೆ ಅವು ಕ್ರಿ.ಪೂ. 900ರ ಸುಮಾರಿನವು. ವೈಕಿಂಗರಿಗೆ ಅವು ನಮಗೆ ಶಾತವಾಹನರಷ್ಟು ಹಳೆಯವು. ಕೊಂಬು ಜನರ ತಲೆಗೆ ಹತ್ತಿದ್ದು 1876ರಲ್ಲಿ, ಜರ್ಮನಿಯ ಸಂಗೀತಗಾರ ವಾಗ್ನರ್‌ನ ಸಂಗೀತ ನಾಟಕಗಳಿಗೆ ಬೈರಾಯ್ಟ್‌ನಲ್ಲಿ ಕಾರ್ಲ್ ಎಮಿಲ್ ಡೋಪ್ಲರ್ ಉಡುಪು ರೂಪಿಸಿದ ಮೇಲೆ.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಬೇಕು. ನನ್ನ ಮೊದಲ ನಾರ್ಸ್ (ಉತ್ತರದ ಪುರಾಣಗಳ) ಪುಸ್ತಕದಲ್ಲಿ ಕೊಂಬು ಹಾಕಲಿಲ್ಲ ಎಂಬ ಹೆಮ್ಮೆಯಿಂದ ಥಾರ್‌ನ ಗುರಾಣಿಯ ತುಂಬ ವೆಗ್‌ವಿಸಿರ್ ಬರೆದಿದ್ದೆ. ದಿಕ್ಕು ತೋರಿಸುವ ಎಂಟು ಕಡ್ಡಿಗಳ ಆ ಚಿಹ್ನೆಯನ್ನು ಈಗ ಹಚ್ಚೆಯಾಗಿ ಹಾಕಿಸಿಕೊಳ್ಳದವರೇ ಇಲ್ಲ. ಪುಸ್ತಕ ಅಚ್ಚಾದ ಮೇಲೆ ತಿಳಿಯಿತು, ಅದು ಕಾಣಿಸಿಕೊಳ್ಳುವುದು ಐಸ್‌ಲ್ಯಾಂಡಿನಲ್ಲಿ 1860ರಲ್ಲಿ ಬರೆದ ಹುಲ್ಡ್ ಹಸ್ತಪ್ರತಿಯಲ್ಲಿ. ಅಂದರೆ ಆಸ್ಬ್ಯೋರ್ನ್‌ಸನ್ ಕಥೆ ಪ್ರಕಟಿಸತೊಡಗಿದ ಮೇಲಿನ ಮಾತು. ಥಾರ್‌ನ ಕೈಗೆ ಗಡಿಯಾರ ಕಟ್ಟಿದ್ದರೂ ಅಷ್ಟೇ ತಪ್ಪಾಗುತ್ತಿತ್ತು.

ಹಾಗಾದರೆ ಥಾರ್ ಹೇಗಿದ್ದ? ಕೆಂಪು ಗಡ್ಡ, ಕಬ್ಬಿಣದ ಕೈಗವಸು, ಬಲ ಇಮ್ಮಡಿಸುವ ಸೊಂಟಪಟ್ಟಿ, ಎರಡು ಹೋತಗಳು ಎಳೆಯುವ ರಥ, ಹಿಡಿ ಗಿಡ್ಡವಾದ ಸುತ್ತಿಗೆ. ಹಿಡಿ ಏಕೆ ಗಿಡ್ಡ ಎಂಬುದಕ್ಕೂ ಕಥೆಯಿದೆ: ಕುಳ್ಳ ಕಮ್ಮಾರ ಅದನ್ನು ಮಾಡುತ್ತಿದ್ದಾಗ ನೊಣವೊಂದು ತಿದಿ ಒತ್ತುವವನ ಕಣ್ಣುರೆಪ್ಪೆಯನ್ನು ಕಚ್ಚಿ ಕೆಲಸ ಕೆಡಿಸಿತು, ಆ ನೊಣ ಲೋಕಿ. ಇಂಥ ಗುರುತುಗಳೆಲ್ಲ ಪಠ್ಯದಲ್ಲಿವೆ. ಹೊಂಬಣ್ಣದ ಕೂದಲು, ನುಣುಪು ಗಲ್ಲ, ಕೆಂಪು ಮೇಲಂಗಿ ಇರುವುದು ಅಮೆರಿಕದ ಕಾಮಿಕ್ಸಿನಲ್ಲಿ, ಅದೂ 1962ರಿಂದ ಈಚೆಗೆ. ಥಾರ್ ಎಂಬ ದೇವರು ಯಾವ ಕಂಪನಿಯ ಆಸ್ತಿಯೂ ಅಲ್ಲ, ಆದರೆ ಆ ನಿರ್ದಿಷ್ಟ ರೂಪ ಅವರದು. ನಿಮ್ಮ ಮಾದರಿಯ ಥಾರ್ ಅಪಾಯಕ್ಕೆ ಹತ್ತಿರ ಇದ್ದದ್ದು ಅಲ್ಲಿ, ಕಿಟೆಲ್ಸನ್ ಕಡೆಯಿಂದಲ್ಲ.

ಲೋಕಿಯನ್ನು ನೀವು ಕುಟಿಲ ಮುಖದ ಮಂತ್ರವಾದಿಯಂತೆ ಬರೆಯಲು ಹೊರಟಿದ್ದೀರಿ. ಸ್ನೊರಿ ಅವನನ್ನು ನೋಡಲು ಸುಂದರ ಎಂದೇ ಹೇಳುತ್ತಾನೆ. ಯೋಟುನ್‌ಗಳನ್ನು, ಅಂದರೆ ನಿಮ್ಮ ಅನುವಾದದಲ್ಲಿ ‘ದೈತ್ಯರು’ ಎಂದಿರುವವರನ್ನು, ಎಲ್ಲ ಕಡೆಯೂ ವಿಕಾರವಾಗಿ ಬರೆಯಬೇಡಿ. ಗೆರ್ಡ್ ಎಂಬ ದೈತ್ಯ ಕನ್ಯೆಯ ಚೆಲುವಿಗೆ ಮರುಳಾಗಿ ಫ್ರೇ ದೇವರು ನಿದ್ದೆ ಬಿಟ್ಟ. ಓಡಿನ್‌ನ ತಾಯಿಯೇ ದೈತ್ಯರ ಮಗಳು. ದೇವತೆಗಳೂ ದಾನವರೂ ಒಬ್ಬನೇ ಕಶ್ಯಪನ ಮಕ್ಕಳು ಎಂದು ಕೇಳಿ ಬೆಳೆದವರಿಗೆ ಈ ಸಂಬಂಧ ಬೇಗ ಅರ್ಥವಾಗಬೇಕು.

ದೇವರುಗಳ ನಿಜವಾದ ಹಳೆಯ ರೂಪ ಹುಡುಕುವವರು ಕಲ್ಲಿನ ಕಡೆಗೆ ಹೋಗಬೇಕು. ಎಡ್ಡಾ ಪದ್ಯಗಳ ಆ ಹಸ್ತಪ್ರತಿಯಲ್ಲಿ ದೇವತೆಗಳ ಚಿತ್ರ ಒಂದೂ ಇಲ್ಲ. ಸ್ವೀಡನ್ನಿನ ಗಾಟ್‌ಲ್ಯಾಂಡ್ ದ್ವೀಪದ ಚಿತ್ರಶಿಲೆಗಳಲ್ಲಿ ಎಂಟು ಕಾಲಿನ ಕುದುರೆ ಇದೆ. ಉಪ್‌ಲ್ಯಾಂಡಿನ ಆಲ್ಟುನಾ ಶಿಲೆಯಲ್ಲಿ ಥಾರ್ ಲೋಕವನ್ನು ಸುತ್ತಿದ ಸರ್ಪಕ್ಕೆ ಗಾಳ ಹಾಕಿದ್ದಾನೆ. ಹನ್ನೊಂದನೆಯ ಶತಮಾನದ ಆ ಶಿಲ್ಪಿ ಎಷ್ಟು ಗಮನವಿಟ್ಟು ಕಥೆ ಕೇಳಿದ್ದ ನೋಡಿ: ಹಾವು ಜಗ್ಗಿದ ರಭಸಕ್ಕೆ ಥಾರ್‌ನ ಕಾಲು ದೋಣಿಯ ತಳವನ್ನು ತೂತು ಮಾಡಿ ಹೊರಗೆ ಬಂದಿದೆ. ನಾಲ್ಕು ಗೆರೆಯ ದೋಣಿ, ಕೆಳಗೆ ಇಳಿಬಿದ್ದ ಒಂದು ಪಾದ. ನಿಮ್ಮ ಮೂರು ಪುರಾಣ ಕಥೆಗಳಲ್ಲಿ ಮೀನು ಹಿಡಿಯುವ ಪ್ರಸಂಗ ಇದ್ದರೆ ಆ ಪಾದವನ್ನು ದಯವಿಟ್ಟು ಬಿಡಬೇಡಿ.

ನೀವು ನೋಡಿದ ಸ್ವಸ್ತಿಕದ ಚಿತ್ರ ಮೋರ್ಟನ್ ಎಸ್ಕಿಲ್ ವಿಂಗೆ 1872ರಲ್ಲಿ ಬರೆದದ್ದು, ಸ್ಟಾಕ್‌ಹೋಮಿನ ರಾಷ್ಟ್ರೀಯ ಕಲಾಸಂಗ್ರಹಾಲಯದಲ್ಲಿದೆ. ನಮ್ಮ ಮನೆಗಳ ಕ್ಯಾಲೆಂಡರ್ ಸರಸ್ವತಿಗೆ ರವಿವರ್ಮ ಹೇಗೋ ಅವರ ಥಾರ್‌ಗೆ ಈ ವಿಂಗೆ ಹಾಗೆ. ಇಬ್ಬರೂ ಒಂದೇ ಶತಮಾನದವರು. ಇಬ್ಬರ ಚಿತ್ರಗಳನ್ನೂ ಜನ ಪುರಾತನ ಎಂದೇ ನಂಬಿದ್ದಾರೆ. ವಿಂಗೆ ಸ್ವಸ್ತಿಕ ಬರೆದದ್ದು ನಾಜಿಗಳಿಗಿಂತ ಅರ್ಧ ಶತಮಾನ ಮೊದಲು, ಉತ್ತರದ ಹಳೆಯ ಶಿಲೆಗಳಲ್ಲೂ ಆ ಗುರುತು ಇದೆ, ಹಾಗಾಗಿ ಅದು ಚರಿತ್ರೆಯ ದೃಷ್ಟಿಯಿಂದ ತಪ್ಪಲ್ಲ. ಆದರೂ ತೆಗೆದುಬಿಡಿ ಎನ್ನುತ್ತೇನೆ. ನಾರ್ವೆ 1940ರಿಂದ 1945ರವರೆಗೆ ನಾಜಿಗಳ ವಶದಲ್ಲಿದ್ದ ದೇಶ. ನಮ್ಮ ಹೊಸ್ತಿಲ ಮೇಲಿನ ಅರ್ಥವನ್ನು ಪುಟದ ಜೊತೆ ಕಳುಹಿಸಲು ಆಗುವುದಿಲ್ಲ. ಪುಸ್ತಕ ನೋಡುವ ಅಲ್ಲಿನ ಮಗುವಿನ ಶಾಲೆಯ ಶಿಕ್ಷಕಿಗೆ ವಿವರಣೆ ಕೊಡಲು ನೀವು ಅಲ್ಲಿರುವುದಿಲ್ಲ.

ರೂನ್‌ಗಳಿಗೂ ಸ್ವಲ್ಪ ಮಟ್ಟಿಗೆ ಇದೇ ತೊಡಕು. ಕೆಲವನ್ನು ನಾಜಿ ಪಡೆಗಳು ಲಾಂಛನವಾಗಿ ಬಳಸಿದವು, ಮಿಂಚಿನಂಥ ಜೋಡಿ ಗೆರೆಯನ್ನು ನೀವೂ ನೋಡಿರುತ್ತೀರಿ. ಜೊತೆಗೆ ಇನ್ನೊಂದು ತಪ್ಪು ಸಾಮಾನ್ಯ: ಅಲಂಕಾರಕ್ಕೆಂದು ಎಲ್ಲರೂ ಬಳಸುವುದು 24 ಅಕ್ಷರಗಳ ಹಳೆಯ ಮಾಲೆಯನ್ನು, ವೈಕಿಂಗ್ ಕಾಲದವರು ಬರೆಯುತ್ತಿದ್ದದ್ದು 16 ಅಕ್ಷರಗಳ ಮಾಲೆಯಲ್ಲಿ. ಅದರಲ್ಲಿ ತಮಿಳು ಲಿಪಿಯಂತೆ ಕ–ಗ, ತ–ದ, ಪ–ಬಗಳಿಗೆ ಒಂದೊಂದೇ ಗುರುತು. ಡೆನ್ಮಾರ್ಕಿನ ಯೆಲ್ಲಿಂಗ್ ಶಿಲೆಯಲ್ಲಿ ಗೋರ್ಮ್ ರಾಜನ ಹೆಸರು ‘ಕುರ್ಮ್’ ಎಂದು ಕೆತ್ತಿರುವುದು ಈ ಕಾರಣಕ್ಕೇ. ಅಂಚುಪಟ್ಟಿಗೆ ಏನಾದರೂ ಬೇಕೇಬೇಕೆಂದರೆ ಅಕ್ಷರ ಬೇಡ, ಹೆಣೆದುಕೊಂಡ ಪ್ರಾಣಿಗಳ ಬಳ್ಳಿ ಬರೆಯಿರಿ. ನಾರ್ವೆಯ ಊರ್ನೆಸ್ ಮರದ ಚರ್ಚಿನ ಬಾಗಿಲಿನಲ್ಲಿ ಅದರ ಅತ್ಯುತ್ತಮ ಮಾದರಿ ಇದೆ. ಬಾದಾಮಿಯ ಕಂಬಗಳ ಬಳ್ಳಿಗಳನ್ನು ನಕಲು ಮಾಡಿ ಕೈ ಪಳಗಿದವರಿಗೆ ಅದು ಕಷ್ಟವಲ್ಲ. ಅಲ್ಲಿ ಬಳ್ಳಿಯೇ ಪ್ರಾಣಿ ಎಂಬುದಷ್ಟೇ ವ್ಯತ್ಯಾಸ.

ಈಗ ಕಾಡಿಗೆ ಬರೋಣ.

ನಿಮ್ಮ ಟ್ರೋಲ್ ಮಾದರಿಯನ್ನು ಬಹಳ ಹೊತ್ತು ನೋಡಿದೆ. ಕೋರೆಹಲ್ಲು, ಕೆಂಪು ಕಣ್ಣು ಇರುವುದಕ್ಕೇ ಅದು ಬಣ್ಣದ ವೇಷ ಆದದ್ದಲ್ಲ. ಅದು ರಂಗಸ್ಥಳದಲ್ಲಿ ನಿಂತಿದೆ. ಮುಖ ನೇರ ನಮ್ಮ ಕಡೆಗೆ, ಬೆಳಕು ಎದುರಿನಿಂದ, ಹಿಂದೆ ಕಾಡು ಪರದೆಯಂತೆ ಇಳಿಬಿದ್ದಿದೆ. ಬಣ್ಣದ ವೇಷ ಬರುವುದೇ ನೋಡಿಸಿಕೊಳ್ಳಲು. ಉತ್ತರದ ಟ್ರೋಲ್‌ಗೆ ನಮ್ಮ ಗೊಡವೆಯಿಲ್ಲ. ಅದು ಅಲ್ಲಿಯೇ ಇತ್ತು, ನಾವು ತಡವಾಗಿ ಗಮನಿಸಿದೆವು, ಅಷ್ಟೇ.

ಥಿಯೋಡರ್ ಕಿಟೆಲ್ಸನ್ 1906ರಲ್ಲಿ ಬರೆದ ಕಾಡಿನ ಟ್ರೋಲ್ ನೋಡಿ. (ನಮ್ಮ ನಿಘಂಟಿನ ಕಿಟ್ಟೆಲ್ ಅವರಿಗೂ ಇವರಿಗೂ ನಂಟು ಹುಡುಕಬೇಡಿ, ಹೋಲಿಕೆ ಹೆಸರಿನಲ್ಲಷ್ಟೇ.) ಮೊದಲ ನೋಟಕ್ಕೆ ಕಾಣುವುದು ಮರಗಳ ಮೇಲೆ ಎದ್ದ ಒಂದು ಗುಡ್ಡ. ಗುಡ್ಡದ ಮೇಲೆ ಮರ ಬೆಳೆದಿದೆ. ಆಮೇಲೆ ಕಣ್ಣು ಕಾಣುತ್ತದೆ, ಮೂಗು ಕಾಣುತ್ತದೆ. 1904ರ ‘ನೆಕ್ಕನ್’ ಇದಕ್ಕಿಂತಲೂ ಮೌನವಾದದ್ದು. ನೆಕ್ಕನ್ ಎಂದರೆ ಕೆರೆಗೆ ಎಳೆದುಕೊಳ್ಳುವ ಜಲಭೂತ. ಅಲುಗದ ಕಪ್ಪು ನೀರು, ತೇಲುವ ತಾವರೆ ಜಾತಿಯ ಎಲೆಗಳು, ದಡದ ಕತ್ತಲು, ನೀರಿನ ಮಟ್ಟದಲ್ಲಿ ಎರಡು ಕಣ್ಣು. ಅದರ ತಲೆಗೂದಲು ಕೂದಲೋ ಜೊಂಡೋ ಹೇಳುವಂತಿಲ್ಲ. ಹಲ್ಲಿಲ್ಲ, ಉಗುರಿಲ್ಲ. ಮಗುವಿಗೆ ಅಂದು ರಾತ್ರಿ ಕೆರೆಯ ದಾರಿಯಲ್ಲಿ ಹೋಗಲು ಧೈರ್ಯ ಬರುವುದಿಲ್ಲ.

ಸ್ವೀಡನ್ನಿನ ಯೋನ್ಷೋಪಿಂಗ್‌ನವರಾದ ಜಾನ್ ಬೌಯರ್ ಇದೇ ಕಾಡಿನಲ್ಲಿ ಬೇರೆ ದಾರಿ ಹಿಡಿದರು. ಪ್ರತಿ ಕ್ರಿಸ್‌ಮಸ್‌ಗೆ ಬರುತ್ತಿದ್ದ ಕಥಾಸಂಪುಟವೊಂದಕ್ಕೆ 1907ರಿಂದ 1915ರವರೆಗೆ, ನಡುವೆ 1911 ಒಂದನ್ನು ಬಿಟ್ಟು, ಚಿತ್ರ ಬರೆದರು. 1913ರ ಚಿತ್ರವೊಂದನ್ನು ನಿಮ್ಮ ಪ್ರಕಾಶಕರೂ ಕಳುಹಿಸಿದ್ದಾರೆ: ತುವ್‌ಸ್ಟಾರ್ ಎಂಬ ಪುಟ್ಟ ರಾಜಕುಮಾರಿ ಕಾಡಿನ ಕೊಳದ ಅಂಚಿನಲ್ಲಿ ಕುಳಿತು, ನೀರಿಗೆ ಬಿದ್ದ ತನ್ನ ಚಿನ್ನದ ಹೃದಯ ಪದಕವನ್ನು ಹುಡುಕುತ್ತ ಕೆಳಗೆ ನೋಡುತ್ತಿದ್ದಾಳೆ. ಬೆರಳಿನಿಂದ ಆ ಹುಡುಗಿಯನ್ನು ಮುಚ್ಚಿ ನೋಡಿ. ಉಳಿಯುವುದು ಕಂದು, ಕಪ್ಪು, ಬೂದುಗಳಲ್ಲಿ ನೆಟ್ಟಗೆ ನಿಂತ ಕಾಂಡಗಳು, ಪುಟದಿಂದ ಮೇಲಕ್ಕೆ ಹೊರಟುಹೋದ ಮರಗಳು. ತುದಿ ಒಂದಕ್ಕೂ ಕಾಣುವುದಿಲ್ಲ. ಈಗ ಬೆರಳು ತೆಗೆಯಿರಿ. ಇಡೀ ಪುಟದಲ್ಲಿ ಬೆಳಕಿರುವುದು ಅವಳ ಮೈಯಲ್ಲಿ, ಹೊಂಗೂದಲಲ್ಲಿ ಮಾತ್ರ. ಬೌಯರ್ ಮೊದಲು ಅಂಚೆಚೀಟಿಯಷ್ಟು ಚಿಕ್ಕದಾಗಿ ಕರಡು ಮಾಡುತ್ತಿದ್ದರು. ಅಷ್ಟು ಚಿಕ್ಕದರಲ್ಲಿ ಕೋರೆಹಲ್ಲಿಗೆ ಜಾಗವಿಲ್ಲ. ಎಲ್ಲಿ ಕತ್ತಲು, ಎಲ್ಲಿ ಬೆಳಕು ಎಂಬುದಕ್ಕೆ ಮಾತ್ರ ಜಾಗ.

ಆ ಬೆಳಕಿನ ಬಗ್ಗೆ ಒಂದು ಲೆಕ್ಕ ಹೇಳುತ್ತೇನೆ. ಓಸ್ಲೋ ಇರುವುದು 60 ಡಿಗ್ರಿ ಉತ್ತರ ಅಕ್ಷಾಂಶದ ಹತ್ತಿರ. ಜೂನ್ ಮಧ್ಯಾಹ್ನ ಅಲ್ಲಿ ಸೂರ್ಯ ಅತಿ ಎತ್ತರಕ್ಕೆ ಏರಿದಾಗಲೂ ದಿಗಂತದಿಂದ ಸುಮಾರು 53 ಡಿಗ್ರಿ. ಬೆಂಗಳೂರಿನಲ್ಲಿ ಡಿಸೆಂಬರ್ ಮಧ್ಯಾಹ್ನ, ನಮ್ಮ ಸೂರ್ಯ ಅತ್ಯಂತ ಕೆಳಗಿರುವಾಗ, ಏರುವುದು ಅಷ್ಟೇ. ಅವರ ನಡುಬೇಸಿಗೆಯ ಮಧ್ಯಾಹ್ನ ನಮ್ಮ ನಡುಚಳಿಗಾಲದ ಮಧ್ಯಾಹ್ನಕ್ಕೆ ಸಮ. ಡಿಸೆಂಬರಿನಲ್ಲಿ ಓಸ್ಲೋದ ಸೂರ್ಯ 7 ಡಿಗ್ರಿಯನ್ನೂ ದಾಟುವುದಿಲ್ಲ. ನಿಮ್ಮ ಊರಿನಲ್ಲಿ ಬೆಳಕು ಎಲೆಗಳ ತೂತಿನಿಂದ ಮೇಲಿನಿಂದ ಸುರಿಯುತ್ತದೆ, ಅಲ್ಲಿ ಪಕ್ಕದಿಂದ ಕಾಂಡಗಳ ನಡುವೆ ನುಸುಳುತ್ತದೆ. ನಮ್ಮಲ್ಲಿ ದೀಪ ಹಚ್ಚುವಷ್ಟರಲ್ಲಿ ಸಂಜೆ ಮುಗಿದಿರುತ್ತದೆ. ಅವರ ಬೇಸಿಗೆಯಲ್ಲಿ ಮುಸ್ಸಂಜೆ ಗಂಟೆಗಟ್ಟಲೆ ನಿಂತಿರುತ್ತದೆ. ಕಲ್ಲೋ ಕುಳಿತ ಜೀವವೋ ತಿಳಿಯದ ಆ ಹೊತ್ತು ಅಷ್ಟು ದೀರ್ಘವಾಗಿರುವ ನಾಡಿನಲ್ಲಿ, ಬಿಸಿಲು ತಾಗಿದರೆ ಟ್ರೋಲ್ ಕಲ್ಲಾಗುತ್ತದೆ ಎಂಬ ಕಥೆ ಹುಟ್ಟಿದ್ದರಲ್ಲಿ ನನಗೆ ಆಶ್ಚರ್ಯವಿಲ್ಲ.

ನಿಮ್ಮ ಅಳುಕಿಗೆ ಉತ್ತರ ಇಲ್ಲಿದೆ ಎಂದುಕೊಳ್ಳುತ್ತೇನೆ. ಕಾಡಿನ ಕತ್ತಲು ಏನೆಂದು ನಿಮಗೆ ಗೊತ್ತು. ಆಷಾಢದ ಮಳೆಯಲ್ಲಿ ಮಧ್ಯಾಹ್ನ ಮೂರಕ್ಕೆ ಅಡಿಕೆ ತೋಟದ ಆಚೆ ಏನಿದೆ ಎಂದು ಕಾಣದ ಹೊತ್ತನ್ನು ನೋಡಿದ್ದೀರಿ. ಪಾಚಿ ಹತ್ತಿದ ಕಲ್ಲು, ಕೊಂಬೆಯ ಮೇಲಿನ ಕಲ್ಲುಹೂವು ನಿಮಗೆ ಹೊಸದಲ್ಲ, ಅಲ್ಲಿ ಕಲ್ಲುಹೂವಿನದೇ ಒಂದು ಜಾತಿ ಗಡ್ಡದಂತೆ ಜೋತಾಡುತ್ತದೆ. ಬದಲಿಸಬೇಕಾದದ್ದು ಬೆಳಕಿನ ದಿಕ್ಕು ಮತ್ತು ಮರದ ಜಾತಿ. ನಮ್ಮ ಕಾಡಿನ ಬೀಳಲು, ಬೆತ್ತ, ಅಗಲ ಎಲೆಗಳ ಸಂದಣಿ ಅಲ್ಲಿಲ್ಲ. ಸ್ಪ್ರೂಸ್ ಎಂಬ ಸೂಜಿಯೆಲೆಯ ಮರಗಳ ಕೆಳಗಿನ ಕೊಂಬೆಗಳು ಒಣಗಿ ಚಾಚಿರುತ್ತವೆ, ನೆಲ ಬಹುಪಾಲು ಪಾಚಿಯ ಹಾಸು. ನಡುನಡುವೆ ಹಿಮಯುಗದ ನೀರ್ಗಲ್ಲು ಹೊತ್ತು ತಂದು ಬಿಟ್ಟುಹೋದ ಮನೆಯಷ್ಟು ದೊಡ್ಡ ಬಂಡೆಗಳು. ಬೌಯರ್ ಅವರ ಟ್ರೋಲ್‌ಗಳ ಬೆನ್ನು, ಭುಜಗಳೆಲ್ಲ ಈ ಬಂಡೆಗಳೇ. ತಿಳಿಬಣ್ಣ ಬೇಕೆಂದರೆ ಭೂರ್ಜ ವೃಕ್ಷದ ಬಿಳಿ ತೊಗಟೆ ಇದೆ.

ಒಂದು ಎಚ್ಚರಿಕೆ. ಬೌಯರ್ 1904ರಲ್ಲಿ ಉತ್ತರ ತುದಿಯ ಲ್ಯಾಪ್‌ಲ್ಯಾಂಡಿಗೆ ಹೋಗಿ ಅಲ್ಲಿನ ಮೂಲನಿವಾಸಿಗಳಾದ ಸಾಮಿ ಜನರ ಉಡುಪು, ಸೊಂಟಪಟ್ಟಿ, ಚಾಕುಗಳನ್ನು ಗುರುತು ಹಾಕಿಕೊಂಡು ಬಂದರು. ಅವುಗಳ ಛಾಯೆ ಅವರ ಟ್ರೋಲ್‌ಗಳ ಮೈಮೇಲೆ ಕಾಣಿಸುತ್ತದೆ. ಸಾಮಿಗಳು ಇಂದಿಗೂ ಇರುವ ಜನ, ಅವರ ಉಡುಪು ಅವರ ಹೆಮ್ಮೆ. ಅದನ್ನು ರಾಕ್ಷಸರಿಗೆ ತೊಡಿಸುವುದನ್ನು ಬೌಯರ್ ಅವರಿಂದ ಕಲಿಯಬೇಡಿ.

ಇನ್ನು ಕಾನೂನು. ‘ನೂರು ವರ್ಷ ಕಳೆದರೆ ಉಚಿತ’ ಎಂಬ ನಿಯಮ ಇಲ್ಲ. ಎಣಿಕೆ ಶುರುವಾಗುವುದು ಚಿತ್ರ ಬರೆದ ವರ್ಷದಿಂದಲ್ಲ, ಬರೆದವರು ತೀರಿಕೊಂಡ ವರ್ಷದಿಂದ. ಭಾರತದಲ್ಲಿ ಅದರ ಮೇಲೆ 60 ವರ್ಷ, ಸ್ವೀಡನ್, ನಾರ್ವೆ, ಡೆನ್ಮಾರ್ಕ್‌ಗಳಲ್ಲಿ 70. ಕಿಟೆಲ್ಸನ್ ತೀರಿಕೊಂಡದ್ದು 1914ರಲ್ಲಿ. ಬೌಯರ್ 1918ರ ನವೆಂಬರಿನಲ್ಲಿ ಹೆಂಡತಿ ಮತ್ತು ಪುಟ್ಟ ಮಗನೊಂದಿಗೆ ವೆಟ್ಟರ್ನ್ ಸರೋವರದಲ್ಲಿ ಹಡಗು ಮುಳುಗಿ ತೀರಿಕೊಂಡರು. ಕೆಲವೇ ವಾರಗಳ ಹಿಂದೆ ಭೀಕರ ರೈಲು ದುರಂತವೊಂದು ನಡೆದಿದ್ದರಿಂದ ರೈಲು ಬಿಟ್ಟು ಹಡಗು ಹತ್ತಿದ್ದರು. ವೆರೆನ್‌ಸ್ಕಿಯೋಲ್ಡ್ 1938. ಈ ಮೂವರ ಚಿತ್ರಗಳೂ ಇಲ್ಲಿಯೂ ಅಲ್ಲಿಯೂ ಮುಕ್ತ.

ತೊಡಕು ಬರುವುದು ಕಾಯ್ ನೀಲ್ಸನ್ ಅವರ ವಿಷಯದಲ್ಲಿ. ಕೋಪನ್‌ಹೇಗನ್ನಿನ ಈ ಚಿತ್ರಕಾರ ನಾರ್ವೆಯ ಕಥೆಗಳಿಗೆ ಬರೆದ ಚಿತ್ರಗಳು 1914ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದವು, ನೂರು ವರ್ಷ ಯಾವತ್ತೋ ಕಳೆಯಿತು. ಆದರೆ ಅವರು ಬದುಕಿದ್ದದ್ದು 1957ರವರೆಗೆ. ಭಾರತದಲ್ಲಿ 2018ರ ಆರಂಭಕ್ಕೆ ಮುಕ್ತವಾದ ಚಿತ್ರ ಡೆನ್ಮಾರ್ಕ್, ಸ್ವೀಡನ್‌ಗಳಲ್ಲಿ 2027ರ ಕೊನೆಯವರೆಗೂ ಹಕ್ಕಿನೊಳಗೆ ಇರುತ್ತದೆ. ನಿಮ್ಮ ಪುಸ್ತಕ ಸಮುದ್ರ ದಾಟುವುದಾದರೆ ಈ ಎರಡನೆಯ ಲೆಕ್ಕವೇ ಮುಖ್ಯ. ಸ್ವೀಡನ್ನಿನ ಎಲ್ಸಾ ಬೆಸ್ಕೋ 1953ರಲ್ಲಿ ತೀರಿಕೊಂಡವರು, 2024ರಿಂದ ಅಲ್ಲಿಯೂ ಮುಕ್ತ. ಮೂಮಿನ್ ಎಂಬ ಕಥಾಪಾತ್ರಗಳ ತೂವೆ ಯಾನ್ಸನ್ ತೀರಿಕೊಂಡದ್ದು 2001ರಲ್ಲಿ, ಅವರ ಗೊಡವೆಗೆ ಹೋಗಬೇಡಿ.

ಹಳೆಯ ಚಿತ್ರಗಳನ್ನೇ ಮರುಮುದ್ರಿಸುವಂತೆ ಪ್ರಕಾಶಕರಿಗೆ ಹೇಳಬಹುದು. ಕಿಟೆಲ್ಸನ್, ಬೌಯರ್ ಮಟ್ಟಿಗೆ ಅದು ಕಾನೂನುಬದ್ಧ, ಅಗ್ಗ, ಸುಂದರ. ಚಿತ್ರವನ್ನು ಯಾರೋ ಬಣ್ಣ ತಿದ್ದಿ ಹಾಕಿದ ಜಾಗದಿಂದ ತೆಗೆದುಕೊಳ್ಳದೆ ಸಂಗ್ರಹಾಲಯದ ಕಡತದಿಂದಲೇ ಪಡೆಯಬೇಕು ಅಷ್ಟೇ. ನಿಮಗೆ ಕೆಲಸ ಇಲ್ಲವಾಗುತ್ತದೆ ಎಂಬುದೊಂದೇ ಅದರ ನಷ್ಟ.

ಅವರ ಶೈಲಿಯಲ್ಲಿ ಬರೆದರೆ? ಶೈಲಿ ಯಾರ ಆಸ್ತಿಯೂ ಅಲ್ಲ. ಮುಕ್ತವಾದ ಚಿತ್ರದ ವಿನ್ಯಾಸವನ್ನೇ ಎತ್ತಿಕೊಂಡರೂ ಕೇಸಿಲ್ಲ, ‘ಕಿಟೆಲ್ಸನ್ ಅವರ ಚಿತ್ರವನ್ನು ಅನುಸರಿಸಿ’ ಎಂದು ಕೆಳಗೆ ಬರೆಯುವುದು ಮರ್ಯಾದೆ. ಆದರೆ ಆ ದಾರಿಯಲ್ಲಿ ಬೇರೆಯೇ ಅಪಾಯವಿದೆ. ಸ್ಟಾಕ್‌ಹೋಮಿನಲ್ಲಿ ಬೆಳೆಯುವ ಕನ್ನಡದ ಮಗು ತುವ್‌ಸ್ಟಾರ್‌ಳನ್ನು ಶಾಲೆಯ ಗೋಡೆಯ ಮೇಲೆ ನೋಡಿರುತ್ತದೆ. ನಿಮ್ಮ ಪುಟ ತೆರೆದಾಗ ಅದಕ್ಕೆ ಕಾಣುವುದು ನೀವಲ್ಲ, ಬೌಯರ್ ಅವರ ಮಸುಕಾದ ಪ್ರತಿ.

ಎಲ್ಲವನ್ನೂ ಮಲೆನಾಡಿಗೆ ತಂದುಬಿಡುವ ದಾರಿಯೂ ಇದೆ. ಆ ಜನಪದ ಕಥೆಗಳ ಕಿರಿಯ ಮಗ ಆಸ್ಕೆಲಾಡನ್‌ಗೆ ಪಂಚೆ, ಟ್ರೋಲ್‌ಗೆ ಬಣ್ಣದ ವೇಷ. ಪೂರ್ತಿ ಮಾಡಿದರೆ ಅದು ಗೌರವದ ಕೆಲಸ, ಆಗ ಕಥೆಯ ಗಂಜಿ, ಮನೆ, ಕಾಡು ಎಲ್ಲವೂ ಇಲ್ಲಿನದಾಗಬೇಕು, ಪ್ರಕಾಶಕರೂ ಒಪ್ಪಬೇಕು. ಅರ್ಧ ತಂದು ಅರ್ಧ ಅಲ್ಲೇ ಬಿಟ್ಟದ್ದರಿಂದಲೇ ನಿಮ್ಮ ಮಾದರಿ ಹಿಂದಕ್ಕೆ ಬಂತು. ನಾನಾಗಿದ್ದರೆ ಕಥೆಯನ್ನು ಅಲ್ಲೇ ಇಟ್ಟು, ಹಳೆಯವರ ಪುಸ್ತಕಗಳನ್ನು ಎರಡು ವಾರ ಚೆನ್ನಾಗಿ ನೋಡಿ, ಆಮೇಲೆ ಮುಚ್ಚಿಟ್ಟು, ಬೆಂಕಿಪೊಟ್ಟಣದಷ್ಟು ಚೌಕಗಳಲ್ಲಿ ಕಪ್ಪು–ಬಿಳುಪು ಕರಡುಗಳನ್ನು ಮಾತ್ರ ಮಾಡುತ್ತಿದ್ದೆ. ಬಣ್ಣದ ಡಬ್ಬಿ ತೆರೆಯುವುದು ಆಮೇಲಿನ ಮಾತು.

ಕತ್ತಲ ಚಿತ್ರಗಳಿಗೆ ಮುದ್ರಣವೇ ಶತ್ರು ಎಂಬುದನ್ನೂ ನೆನಪಿಡಿ. ಮ್ಯಾಪ್‌ಲಿಥೊ ಕಾಗದ ಶಾಯಿ ಹೀರುತ್ತದೆ. ನಿಮ್ಮ ಪರದೆಯ ಮೇಲೆ ಐದು ಛಾಯೆಗಳಾಗಿ ಕಾಣುವ ಕತ್ತಲು ಪುಟದಲ್ಲಿ ಒಂದೇ ಕೆಸರಾಗುತ್ತದೆ. ಅದೇ ಕಾಗದದ ಮೇಲೆ ಒಂದು ಪುಟದ ಪರೀಕ್ಷಾ ಮುದ್ರಣ ಕೇಳಿ, ಕೊಡದಿದ್ದರೆ ಎಲ್ಲ ಕಪ್ಪುಗಳನ್ನೂ ಒಂದು ಹಂತ ತಿಳಿಮಾಡಿ ಕೊಡಿ.

ನೀವು ಕೇಳದ ಒಂದು ಪ್ರಶ್ನೆಯೂ ಇದೆ: ನಿಮ್ಮ ಚಿತ್ರಗಳ ಹಕ್ಕು ಯಾರದು? ಬೌಯರ್ ಅವರ ಹೆಸರು 1911ರ ಸಂಪುಟದಲ್ಲಿ ಇಲ್ಲದಿರುವುದಕ್ಕೆ ಮೂಲಚಿತ್ರ ಮತ್ತು ಹಕ್ಕಿನ ಬಗ್ಗೆ ಪ್ರಕಾಶಕರೊಡನೆ ಎದ್ದ ತಕರಾರೇ ಕಾರಣ. ನಮ್ಮ 1957ರ ಕಾಯ್ದೆಯ 17ನೆಯ ಸೆಕ್ಷನ್ ಪ್ರಕಾರ ಹಣ ಕೊಟ್ಟು ಬರೆಸಿದ ವರ್ಣಚಿತ್ರಕ್ಕೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಬರೆಸಿದವರೇ ಮೊದಲ ಒಡೆಯರು. ‘ಬೇರೆ ಒಪ್ಪಂದ’ವನ್ನು ಈಗಲೇ ಬರಹದಲ್ಲಿ ಮಾಡಿಕೊಳ್ಳಿ. ಯಾವ ಭಾಷೆಯ ಆವೃತ್ತಿಗೆ, ಯಾವ ದೇಶಗಳಿಗೆ, ಎಷ್ಟು ವರ್ಷಕ್ಕೆ ಎಂಬುದೂ, ಮೂಲಚಿತ್ರಗಳು ಯಾವ ದಿನದೊಳಗೆ ನಿಮ್ಮ ಕೈಗೆ ಮರಳಬೇಕು ಎಂಬುದೂ ಅದರಲ್ಲಿರಲಿ. ಒಳ್ಳೆಯ ಪ್ರಕಾಶಕರು ಇದಕ್ಕೆ ಬೇಸರಿಸುವುದಿಲ್ಲ.

ಹಿಮದ ಮಾತು ಉಳಿಯಿತು. ಹಿಮ ಬಿಳಿಯಲ್ಲ. ಕೆಳಗಿಳಿದ ಬಿಸಿಲು ಬಿದ್ದ ಕಡೆ ಅದು ಹಳದಿ ಕಡೆಗೆ ವಾಲುತ್ತದೆ, ನೆರಳಿನಲ್ಲಿ ಆಕಾಶದ ನೀಲಿಯನ್ನು ಹಿಡಿದಿರುತ್ತದೆ. ಒಂದು ಮುದ್ದೆಯಾದ ಬಿಳಿ ಬಟ್ಟೆಯನ್ನು ಬೆಳಿಗ್ಗೆ ಏಳು ಗಂಟೆಗೆ ಅಂಗಳದಲ್ಲಿ ಹರಡಿ ನೋಡಿದರೆ ಮುಕ್ಕಾಲು ಪಾಠ ಅಲ್ಲೇ ಸಿಗುತ್ತದೆ. ಅದೂ ಅಲ್ಲದೆ ನಿಮ್ಮ ಪಟ್ಟಿಯ ಐದು ಜನಪದ ಕಥೆಗಳಲ್ಲಿ ಹಿಮ ಬೀಳುವುದು ಒಂದರಲ್ಲಿ ಮಾತ್ರ.

ಮೂರನೆಯ ಮಾದರಿಗೆ ಆಸ್ಕೆಲಾಡನ್ ಟ್ರೋಲ್‌ನೊಡನೆ ಪಂತ ಕಟ್ಟಿ ಗಂಜಿ ತಿನ್ನುವ ಕಥೆಯನ್ನು ಆರಿಸಿಕೊಳ್ಳಿ. ಬೂದಿ ಕೆದಕುತ್ತ ಕುಳಿತಿರುತ್ತಿದ್ದ ಆ ಕಿರಿಯ ಮಗ ತಾನು ಉಣ್ಣುವುದಕ್ಕಿಂತ ಹೆಚ್ಚು ಗಂಜಿಯನ್ನು ಹೊಟ್ಟೆಯ ಮೇಲೆ ಕಟ್ಟಿಕೊಂಡ ಚೀಲಕ್ಕೆ ಸುರಿದು, ತುಂಬಿದಾಗ ಚಾಕುವಿನಿಂದ ಚೀಲ ಸೀಳುತ್ತಾನೆ. ಟ್ರೋಲ್ ಅದನ್ನು ಹೊಟ್ಟೆ ಎಂದೇ ನಂಬುತ್ತದೆ. ಗುಡಿಸಲಿನೊಳಗೆ ಒಲೆಯ ಒಂದೇ ಬೆಳಕು, ಮಾಡಿಗೆ ತಾಗಿದ ಟ್ರೋಲ್‌ನ ಬೆನ್ನು, ಅದರ ಮುಖ ಕಾಣಬೇಕಾಗಿಯೇ ಇಲ್ಲ. ಚೀಲದ ಬಾಯಿ ಅಂಗಿಯ ಒಳಗೆ ಎಲ್ಲಿಗೆ ಬರುತ್ತದೆ, ಕೈ ಹೇಗೆ ತಿರುಗಿದರೆ ಚಮಚ ಬಾಯಿ ತಪ್ಪಿ ಅಲ್ಲಿಗೆ ಹೋಗುತ್ತದೆ ಎಂಬುದನ್ನು ಮಾತ್ರ ಮೊದಲು ಕನ್ನಡಿಯ ಮುಂದೆ ಕುಳಿತು ಮಾಡಿ ನೋಡಿ.